ಮಕ್ಕಳ ದಂಡೆ

ವಲ್ಲಾಹಿ, ಮ್ಯಾನೇಜರ್ ಸಾಹೇಬರೇ, ನಾನೀಗ ಹೇಳುವುದರಲ್ಲಿ ಒಂದು ಮಾತು ಸುಳ್ಳಿದ್ದರೂ ನಾಳೆಯಿಂದ ನನ್ನ ಬಲೆಗೆ ಬರೀ ಕಪ್ಪೆ ಬೀಳಲಿ. ಈ ನಮಲಂಬೆ ಊರಿನಲ್ಲಿ ಯಾರನ್ನು ಬೇಕಾದರೂ ಕೇಳಿ, ಈ ಚೆ ಜಫಾಲಿ ಸುಳ್ಳುಗಾರ ಎನ್ನುತ್ತಾರೆ. ಅವರು ಹೇಳುವುದೂ ನಿಜವೇ. ಆದರೆ ಇವತ್ತು ನೀವಾಗಿಯೇ ಬಂದಿದ್ದೀರಿ. ನನ್ನ ಬೋರಲು ಹಾಕಿದ ದೋಣಿಯ ಮೇಲೆ ಕೂತು ನನ್ನ ಹೆಂಡತಿ ಕರಿದ ಹಿಟ್ಟಿನುಂಡೆ, ಮಂಡಾಸಿ, ತಿನ್ನುತ್ತಿದ್ದೀರಿ. ತಿನ್ನುತ್ತಿರುವವನ ಮುಂದೆ ಸುಳ್ಳು ಹೇಳಿದರೆ ಅವನಿಗೆ ಅಜೀರ್ಣವಾಗುತ್ತದೆ, ಆ ಪಾಪ ನನಗೆ ಬೇಡ.

ನೀವು ಕೇಳಿದ್ದು ಇಷ್ಟು. ಲಾಡ್ಜಿನಲ್ಲಿ ಮಕ್ಕಳಿಗೆಂದು ಮರಳಿನ ತೊಟ್ಟಿ, ನೀರಿನ ಕೊಳ ಕಟ್ಟಿಸಿದ್ದೀರಿ. ಭಾನುವಾರ ಊರಿನ ಮಕ್ಕಳಿಗೆ ಪುಕ್ಕಟೆ ಎಂದು ಬೋರ್ಡು ಹಾಕಿಸಿದ್ದೀರಿ. ಮೊದಲ ಭಾನುವಾರ ಬಂದ ಮಕ್ಕಳು ಆಮೇಲೆ ಒಂದೂ ಬರಲಿಲ್ಲ, ಯಾಕೆ? ನೀವು ಕರೆಸಿದ ಫೋಟೋದವನು ಕ್ಯಾಮೆರಾ ಹಿಡಿದು ಕಾದು ಕಾದು ಕೊಡೆಯ ಕೆಳಗೆ ಗೊರಕೆ ಹೊಡೆದನಂತೆ. ಹೇಳುತ್ತೇನೆ. ಆದರೆ ನನ್ನದೂ ಒಂದು ಕೋರಿಕೆಯಿದೆ, ಅದನ್ನು ಈಗಲೇ ಹೇಳಿಬಿಡುತ್ತೇನೆ, ಆಮೇಲೆ ಕಥೆ ಹೇಳಿ ಕಿಸೆಗೆ ಕೈ ಹಾಕಿದ ಎನ್ನಬೇಡಿ. ನಿಮ್ಮ ತಂತಿಬೇಲಿಯಲ್ಲಿ ಬಂಡೆಗಳ ಪಕ್ಕ ಒಂದು ಸಣ್ಣ ಗೇಟಿದೆ. ಅದರ ಬೀಗದ ಕೈ ನಿಮ್ಮ ಸೊಂಟದಲ್ಲಿ ತೂಗುತ್ತಿದೆ. ನನಗೆ ಬೇಕಾದದ್ದು ಆ ಗೇಟು. ಮಿಕ್ಕದ್ದೆಲ್ಲ ಕಥೆ.

ಗೇಟಿನ ಆಚೆ ಇರುವ ಮರಳಿಗೆ ನೀವು ‘ಸೂರ್ಯಾಸ್ತದ ಬೀಚ್’ ಎಂದು ಹೆಸರಿಟ್ಟಿದ್ದೀರಿ. ಈ ಸರೋವರದ ನಮ್ಮ ಮಗ್ಗುಲಲ್ಲಿ ನೀರಿನ ಕಡೆ ಸೂರ್ಯ ಹುಟ್ಟುತ್ತಾನೆಯೇ ಹೊರತು ಮುಳುಗುವುದಿಲ್ಲ. ಇರಲಿ, ಬೋರ್ಡು ಬರೆದವನು ಬ್ಲಾಂಟೈರ್ ಪಟ್ಟಣದವನು, ಬೆಳಿಗ್ಗೆ ಎದ್ದು ನೋಡಿರಲಿಕ್ಕಿಲ್ಲ. ನಾವು ಅದನ್ನು ಮಕ್ಕಳ ದಂಡೆ ಎನ್ನುತ್ತಿದ್ದೆವು. ಎರಡು ಕಡೆ ಬಂಡೆ ತೋಳು ಚಾಚಿದೆ. ನಡುವೆ ನೀರು ಎಷ್ಟು ಕಡಿಮೆ ಆಳವೆಂದರೆ, ಒಂದು ಮೇಕೆ ಅದನ್ನು ದಾಟಿ ಆಚೆ ದಡದ ಮೊಜಾಂಬಿಕ್‌ಗೆ ಹೋಗಿ ಹುಲ್ಲು ಮೇಯ್ದು ಸಂಜೆಗೆ ವಾಪಸು ಬಂತು, ಮೊಣಕಾಲು ಮಾತ್ರ ನೆನೆದಿತ್ತು. ನಗಬೇಡಿ, ಆ ಮೇಕೆಯನ್ನು ನಾನೇ ತಿಂದಿದ್ದೇನೆ. ಜೊಂಡಿಲ್ಲ, ಆದ್ದರಿಂದ ಮೊಸಳೆಯಿಲ್ಲ. ಜೊಂಡಿಲ್ಲದ ಕಡೆ ಆ ಸಣ್ಣ ಬಸವನಹುಳುವೂ ಇರುವುದಿಲ್ಲ, ಮಕ್ಕಳ ಮೂತ್ರದಲ್ಲಿ ರಕ್ತ ತರಿಸುತ್ತದಲ್ಲ, ಅದು. ಅಲ್ಲಿಗೆ ದೋಣಿ ಹಚ್ಚುವಂತಿರಲಿಲ್ಲ, ಬಲೆ ಎಳೆಯುವಂತಿರಲಿಲ್ಲ, ಗಂಡಸರು ಮೈ ತೊಳೆಯುವಂತಿರಲಿಲ್ಲ. ಮದುವೆಯಾದ ಹೊಸದರಲ್ಲಿ ನಾನು ತಿಳಿಯದೆ ಅಲ್ಲಿ ಅಂಗಿ ಬಿಚ್ಚಿದೆ. ಎಲ್ಲಿಂದಲೋ ಒಂದು ಮಣ್ಣಿನ ಮಡಕೆ ಹಾರಿಬಂದು ಕಿವಿಯ ಪಕ್ಕದಲ್ಲಿ ಒಡೆಯಿತು. ಹಾಗೆ ನನಗೆ ನನ್ನ ಅತ್ತೆ ಅಬಿತಿ ವಾಡಿಯವರ ಪರಿಚಯವಾಯಿತು.

ನೀವು ಲಿಲೋಂಗ್ವೆಯ ಕಡೆಯವರು, ಆದರೂ ನಮ್ಮ ಯಾವೋ ಜನರ ಪದ್ಧತಿ ನಿಮಗೆ ಗೊತ್ತಿರುತ್ತದೆ. ನಮ್ಮಲ್ಲಿ ಗಂಡು ಹೆಣ್ಣಿನ ಮನೆಗೆ ಹೋಗುತ್ತಾನೆ. ನೆಲ ಹೆಂಗಸರದು, ಅದರ ಪರವಾಗಿ ಮಾತಾಡುವವನು ಅವರ ಅಣ್ಣನೋ ತಮ್ಮನೋ. ನನ್ನಂಥ ಮನೆಅಳಿಯ ಗೋಡೆಗೆ ಒರಗಿಸಿಟ್ಟ ದೋಣಿಯ ಹುಟ್ಟು ಇದ್ದ ಹಾಗೆ. ಬೇಕಾದಾಗ ಎತ್ತಿಕೊಳ್ಳುತ್ತಾರೆ, ಅದು ಮಾತಾಡಲಿ ಎಂದು ಯಾರೂ ಕಾಯುವುದಿಲ್ಲ. ಅತ್ತೆಯ ಮುಖವನ್ನು ನಾನು ನೇರವಾಗಿ ನೋಡುವಂತಿಲ್ಲ, ಅವರೂ ನನ್ನ ಮುಖ ನೋಡುವುದಿಲ್ಲ. ಅದು ಮರ್ಯಾದೆ. ಹೀಗಾಗಿ ನಾವಿಬ್ಬರೂ ಬಹಳ ವರ್ಷ ಒಂದು ಮಾವಿನ ಮರವನ್ನು ನೋಡಿಕೊಂಡು ಮಾತಾಡಿದೆವು. ಆ ಮರಕ್ಕೆ ನಮ್ಮ ಮನೆಯ ವಿಷಯವೆಲ್ಲ ಗೊತ್ತು.

ಅತ್ತೆ ದಿನಾ ಬೆಳಿಗ್ಗೆ ಊರಿನ ಮಕ್ಕಳನ್ನು ಕೋಳಿ ಹಿಂಡಿನ ಹಾಗೆ ಹೊಡೆದುಕೊಂಡು ದಂಡೆಗೆ ಹೋಗುತ್ತಿದ್ದರು. ಪಾತ್ರೆಗಳನ್ನು ಮರಳು ಹಾಕಿ ಉಜ್ಜುತ್ತಾ ಕೂರುತ್ತಿದ್ದರು. ಮಕ್ಕಳು ಮಸಾಂಜೆ ಆಡುತ್ತಿದ್ದವು. ಮಸಾಂಜೆ ಎಂದರೆ ಮನೆಯಾಟ: ಮರಳಿನ ಗುಡಿಸಲು, ಮರಳಿನ ಒಲೆ, ಚಿಪ್ಪಿನಲ್ಲಿ ಮರಳಿನ ಮುದ್ದೆ, ಗಂಡನಾದವನಿಗೆ ಬೈಗುಳ, ಎಲ್ಲ. ಅತ್ತೆಯ ಕಟ್ಟಳೆ ಹೆಚ್ಚಿರಲಿಲ್ಲ. ಹೊಕ್ಕುಳು ನೆನೆಯುವಷ್ಟು ಮುಂದೆ ಹೋಗಬಾರದು, ಕಣ್ಣಿಗೆ ಮರಳೆರಚಬಾರದು. ಇನ್ನೊಂದು, ಯಾರ ಮನೆಯಾದರೂ ಬಿದ್ದಿದ್ದರೆ ಮೊದಲು ನೋಡಿದವರು ಅದನ್ನು ಎತ್ತಿ ಕಟ್ಟಬೇಕು, ಆಮೇಲೆ ತಮ್ಮ ಆಟ. ರಾತ್ರಿಯ ಗಾಳಿ ಎಲ್ಲರ ಮನೆಯನ್ನೂ ಬೀಳಿಸುವುದರಿಂದ ಬೆಳಿಗ್ಗೆ ಮೊದಲು ಅದೇ ಕೆಲಸ.

ನನ್ನ ಮಗಳು ಅಸಿಯಾತು, ಅವಳ ಜೊತೆಗಾರ ಬ್ವನಾಲಿ, ಇವರಿಬ್ಬರ ಕೈ ಬಹಳ ಚುರುಕು. ಆಗ ಇಬ್ಬರಿಗೂ ಆರು ವರ್ಷ. ಒದ್ದೆ ಮರಳನ್ನು ತಟ್ಟಿ ರಾಶಿ ಮಾಡಿ, ಬೊಗಸೆಯಲ್ಲಿ ನೀರು ತಂದು ಬೆರಳ ಸಂದಿನಿಂದ ತೊಟ್ಟು ತೊಟ್ಟಾಗಿ ಬಿಟ್ಟು ತುದಿಯನ್ನು ಸೂಜಿಯ ಹಾಗೆ ಎತ್ತುತ್ತಿದ್ದರು. ಒಂದು ಸಲ ಜನಗಣತಿಯವರು ಬಂದು ಊರೆಂದುಕೊಂಡು ಮರಳಿನ ಮನೆಗಳನ್ನೂ ಎಣಿಸಿಕೊಂಡು ಹೋದರು. ಆ ಲೆಕ್ಕದಲ್ಲಿಯೇ ನಮ್ಮೂರಿಗೆ ಒಂದು ಕೊಳವೆಬಾವಿ ಹೆಚ್ಚಿಗೆ ಬಂದದ್ದು. ಈಗಲೂ ಇದೆ, ಕೆಟ್ಟು ನಿಂತಿದೆ, ಹೋಗಿ ನೋಡಿ.

ಹೀಗಿರುವಾಗ ನಿಮ್ಮ ಧಣಿ ಬಂದರು. ಕಾರು ಎಷ್ಟು ಬಿಳಿಯಾಗಿತ್ತೆಂದರೆ ಕೊಕ್ಕರೆಗಳು ಅದರ ಹಿಂದೆ ಹೆಣ್ಣು ಕೇಳಿಕೊಂಡು ಹೋದವು. ನೇರ ಊರ ಯಜಮಾನ ಚೆ ಚಿಕುಂಬಾನ ಮನೆಗೆ ಹೋಗಿ ಚಾಪೆಯ ಮೇಲೆ ಕೂತರು. ಚಿಕುಂಬಾ ನನ್ನ ಅತ್ತೆಯ ತಮ್ಮ. ಧಣಿಗೆ ಬೇಕಾಗಿದ್ದದ್ದು ಮಕ್ಕಳ ದಂಡೆ. ಬದಲಿಗೆ ಮಸೀದಿಗೆ ತಗಡಿನ ಮಾಡು, ಊರಿನ ಹುಡುಗರಿಗೆ ಕೆಲಸ ಎಂದರು. ಚಿಕುಂಬಾ ಕೆಟ್ಟವನಲ್ಲ. ಮಸೀದಿಯ ಮಾಡು ಸೋರುತ್ತಿತ್ತು, ಅವನ ಮನೆಯದೂ ಸೋರುತ್ತಿತ್ತು. ಎರಡೂ ಒಟ್ಟಿಗೆ ಸೋರುವಾಗ ದೇವರ ಮಾಡು ಯಾವುದು, ತನ್ನ ಮಾಡು ಯಾವುದು ಎಂದು ಮನುಷ್ಯನಿಗೆ ಗೊತ್ತಾಗುವುದಿಲ್ಲ.

ಮಾವಿನ ಮರದ ಕೆಳಗೆ ಪಂಚಾಯಿತಿ ಸೇರಿತು. ತಗಡಿನ ಬಗ್ಗೆ ಎಲ್ಲರೂ ಮಾತಾಡಿದರು. ಹುಡುಗರು ಆಗಲೇ ಕೆಲಸಕ್ಕೆ ಸೇರಿ ಸಂಬಳ ತೆಗೆದುಕೊಂಡು ಮದುವೆಯನ್ನೂ ಆದವರ ಹಾಗೆ ಕೂತಿದ್ದರು. ಮಕ್ಕಳು ಎಲ್ಲಿ ಆಡಬೇಕು ಎಂದು ಯಾರೋ ಒಬ್ಬಳು ಕೇಳಿದಳು. ಸರೋವರ ಇಷ್ಟುದ್ದ ಇದೆ, ಬೇರೆ ಕಡೆ ಆಡಲಿ ಎಂದು ಯಾರೋ ಹೇಳಿದರು. ಆಗ ಅತ್ತೆ ಎದ್ದರು.

“ತಮ್ಮಾ, ದಂಡೆ ನಿಂದೂ ಅಲ್ಲ, ನಂದೂ ಅಲ್ಲ. ಅವ್ವ ಮಕ್ಕಳಿಗೆ ಅಂತ ಬಿಟ್ಟು ಹೋಗಿದ್ದು. ಕೊಡೋ ಹಾಗಿದ್ರೆ ಅವಳನ್ನೇ ಕೇಳಿ ಕೊಡು.”

“ಅವ್ವ ಹೋಗಿ ಯಾವ ಕಾಲ ಆಯ್ತಲ್ಲಕ್ಕ” ಎಂದ ಚಿಕುಂಬಾ.

“ಬದುಕಿದ್ದಾಗ್ಲೂ ನಿನ್ನ ಮಾತಿಗೆ ಅವಳು ತಡವಾಗೇ ಉತ್ತರ ಕೊಡ್ತಿದ್ದಿದ್ದು. ಕಾಯೋಣ.”

ಜನ ನಕ್ಕರು. ಆದರೆ ಕೇಳುವುದೆಂದರೆ ಏನೆಂದು ಎಲ್ಲರಿಗೂ ಗೊತ್ತಿತ್ತು, ಬೇಡ ಎನ್ನುವ ಧೈರ್ಯ ಯಾರಿಗೂ ಇರಲಿಲ್ಲ. ನಮ್ಮಲ್ಲಿ ಸತ್ತ ಹಿರಿಯರನ್ನು ಕೇಳುವುದು ಜೋಳದ ಹಿಟ್ಟಿನಿಂದ. ಸಂಜೆ ಹಿರಿಮಗಳು ಮರದ ಬುಡದಲ್ಲಿ ಹಿಟ್ಟನ್ನು ಸಣ್ಣಗೆ ಸುರಿಯುತ್ತಾಳೆ, ಅದು ಗೋಪುರದ ಹಾಗೆ ಚೂಪಾಗಿ ಏಳುತ್ತದೆ. ಮೇಲೆ ಬುಟ್ಟಿ ಬೋರಲು ಹಾಕಿ ಎಲ್ಲರೂ ಮನೆಗೆ ಹೋಗುತ್ತಾರೆ. ಬೆಳಿಗ್ಗೆ ತುದಿ ಹಾಗೆಯೇ ನಿಂತಿದ್ದರೆ ಹಿರಿಯರು ಒಪ್ಪಿದರು. ಕುಸಿದಿದ್ದರೆ ಒಪ್ಪಲಿಲ್ಲ, ಮಾತು ಮುಗಿಯಿತು. ಮಸೀದಿಯ ಶೇಖ್ ಇದನ್ನೆಲ್ಲ ಒಪ್ಪುವುದಿಲ್ಲ. ಅದಕ್ಕೇ ನಾವು ಅವರಿಗೆ ಹೇಳುವುದಿಲ್ಲ, ಅವರೂ ಆ ಸಂಜೆ ಬೇರೆ ದಾರಿಯಲ್ಲಿ ಮನೆಗೆ ಹೋಗುತ್ತಾರೆ.

ಅತ್ತೆ ಹಿಟ್ಟು ಸುರಿದರು. ತನ್ನ ತಾಯಿಯ ಹೆಸರು ಹೇಳಿ, ನಿನ್ನ ಮೊಮ್ಮಕ್ಕಳ ಮರಳನ್ನು ಕೇಳುತ್ತಿದ್ದಾರೆ, ನೀನೇ ಹೇಳು ಎಂದರು. ಅವ್ವ ಏನು ಹೇಳುತ್ತಾಳೆಂದು ಅವರಿಗೆ ಗೊತ್ತಿತ್ತು. ಮರ ಇರುವುದು ದಂಡೆಗೆ ಹೋಗುವ ದಾರಿಯಲ್ಲಿಯೇ. ಅದೂ ಗಾಳಿಯ ತಿಂಗಳು, ನೀರಿನ ಮೇಲಿಂದ ಬೀಸುವ ಗಾಳಿಗೆ ಆ ವರ್ಷ ನನ್ನ ಮೀಸೆಯೇ ಎಡಗಡೆಗೆ ವಾಲಿ ಬೆಳೆದಿತ್ತು. ಈ ಲೆಕ್ಕವೂ ಅವರ ತಲೆಯಲ್ಲಿ ಇತ್ತೋ ಏನೋ, ನಾನು ಕೇಳಿಲ್ಲ. ಅತ್ತೆಯನ್ನು ಅಳಿಯ ಅಂಥ ಪ್ರಶ್ನೆ ಕೇಳುವುದಿಲ್ಲ.

ಮಾರನೆಯ ಬೆಳಿಗ್ಗೆ ಬೆಳಕು ಹರಿಯುವಾಗ ಬಲೆ ಎಳೆಯುವುದಕ್ಕೆ ಆ ದಾರಿಯಲ್ಲಿ ಹೋದವರಲ್ಲಿ ನಾನೇ ಮೊದಲು. ನೋಡಿದೆ. ಬುಟ್ಟಿ ಹಾರಿ ಹೋಗಿ ಮುಳ್ಳುಪೊದೆಯಲ್ಲಿ ಸಿಕ್ಕಿಕೊಂಡಿತ್ತು. ಹಿಟ್ಟು ಯಾರೋ ಮೇಲೆ ಕೂತು ಎದ್ದುಹೋದ ಹಾಗೆ ಚಪ್ಪಟೆಯಾಗಿ ಹರಡಿತ್ತು. ಅಬ್ಬಾ, ಮುದುಕಿ ಬಂದು ಚೆನ್ನಾಗಿಯೇ ಬೈದು ಹೋಗಿದ್ದಾಳೆ ಎಂದುಕೊಂಡೆ. ಹಿರಿಯರ ಹಿಟ್ಟನ್ನು ಅಳಿಯ ಮುಟ್ಟುವಂತಿಲ್ಲ, ಅದರ ಬಗ್ಗೆ ಮೊದಲು ಬಾಯಿ ಬಿಡುವಂತೆಯೂ ಇಲ್ಲ. ಖುಷಿಯಿಂದ ಬಲೆಗೆ ಹೋದೆ. ಆ ದಿನ ಸಿಕ್ಕಿದ ಮೀನಿನ ಅಳತೆ ಹೇಳಿದರೆ ನೀವು ಎದ್ದುಹೋಗುತ್ತೀರಿ, ಅದಕ್ಕೇ ಹೇಳುವುದಿಲ್ಲ.

ಬಿಸಿಲೇರುವ ಹೊತ್ತಿಗೆ ಊರೆಲ್ಲ ಮರದ ಹತ್ತಿರ ಸೇರಿತು. ನಾನೂ ಹೋಗಿ ಹಿಂದೆ ನಿಂತು ಇಣುಕಿದೆ.

ಹಿಟ್ಟಿನ ಗೋಪುರ ನಿಂತಿತ್ತು. ಹಿಂದಿನ ಸಂಜೆ ಅತ್ತೆ ಸುರಿದದ್ದಕ್ಕಿಂತ ಎತ್ತರವಾಗಿ, ನುಣ್ಣಗೆ, ತುದಿ ಸೂಜಿಯ ಹಾಗೆ. ಬುಟ್ಟಿಯನ್ನೂ ಯಾರೋ ಜೋಪಾನವಾಗಿ ತಂದು ಮುಚ್ಚಿದ್ದರು, ಚಿಕುಂಬಾ ಎಲ್ಲರೆದುರು ಅದನ್ನು ಎತ್ತಿದ್ದ. ಅಂಥ ಗೋಪುರವನ್ನು ನಮ್ಮ ಊರಿನಲ್ಲಿ ಯಾರೂ ಕಂಡಿರಲಿಲ್ಲ. ಹೆಂಗಸರು ಖುಷಿಗೆ ನಾಲಿಗೆ ಹೊರಳಿಸಿ ಉಲುಲು ಎಂದು ಕೂಗಿದರು. ಚಿಕುಂಬಾ ಬಗ್ಗಿ ಬೆರಳಿನಿಂದ ಮುಟ್ಟಿದ. ಒದ್ದೆ.

“ನೋಡಿ” ಎಂದ, “ಅವ್ವ ಬಾಯಲ್ಲಿ ನೀರು ತುಂಬ್ಕೊಂಡು ಮೇಲೆ ಉಗುಳಿ ಹರಸಿದಾಳೆ.”

ನಮ್ಮಲ್ಲಿ ಮುದುಕಿಯರು ಮದುಮಗಳನ್ನು ಹರಸುವುದೂ ಹಾಗೆಯೇ, ಆದ್ದರಿಂದ ಯಾರಿಗೂ ಅನುಮಾನ ಬರಲಿಲ್ಲ. ನನಗೆ ಬಂತು. ಆ ತುದಿಯನ್ನು ನಾನು ದಿನಾ ನೋಡಿದ್ದೆ, ದಂಡೆಯ ಮೇಲೆ, ಮರಳಿನಲ್ಲಿ. ಸುತ್ತ ಕಣ್ಣಾಡಿಸಿದೆ. ಅತ್ತೆಯ ಬೆನ್ನ ಹಿಂದೆ ಅಸಿಯಾತು ನಿಂತಿದ್ದಳು. ಕೈ ಮೊಣಕೈವರೆಗೂ ಬಿಳಿ. ಪಕ್ಕದಲ್ಲಿ ಬ್ವನಾಲಿ, ಮೂಗಿನ ಮೇಲೆ ಹಿಟ್ಟು. ಇಬ್ಬರ ಮುಖದಲ್ಲೂ ಏನೋ ದೊಡ್ಡ ಉಪಕಾರ ಮಾಡಿದವರ ಗಾಂಭೀರ್ಯ. ನಾನು ಜನರ ಹಿಂದಿನಿಂದ ಸುತ್ತಿ ಹೋಗಿ ಅವಳ ಕಿವಿಯ ಹತ್ತಿರ ಬಗ್ಗಿ ಏನು ಮಾಡಿದೆ ಎಂದು ಕೇಳಿದೆ.

“ಬಿದ್ದೋಗಿತ್ತಪ್ಪ” ಎಂದಳು. “ಮೊದ್ಲು ನೋಡಿದವ್ರು ಕಟ್ಬೇಕಲ್ಲ. ನಾವೇ ಮೊದ್ಲು ನೋಡಿದ್ದು.”

ಮೊದಲು ನೋಡಿದ್ದು ನಾನು. ಆದರೆ ಅವಳ ಅಜ್ಜಿಯ ಕಟ್ಟಳೆ ಗೊತ್ತಿದ್ದದ್ದು ಅವಳಿಗೆ.

ನಾನು ಬಾಯಿ ತೆರೆದೆ. ನಿಜವಾಗಿ ತೆರೆದೆ ಸಾಹೇಬರೇ, ಗಾಳಿ ಒಳಗೆ ಹೋದದ್ದು ಗೊತ್ತಾಯಿತು. ಆಗ ಅತ್ತೆ ತಿರುಗಿದರು. ಮೊದಲು ಮಗುವಿನ ಕೈ ನೋಡಿದರು. ಆಮೇಲೆ ನನ್ನ ಮುಖವನ್ನು, ನೇರವಾಗಿ, ಮದುವೆಯಾದ ಮೇಲೆ ಮೊದಲ ಸಲ, ಕಣ್ಣಲ್ಲಿ ಕಣ್ಣಿಟ್ಟು ನೋಡಿದರು. ನನ್ನ ಬಾಯಿ ತಾನಾಗಿ ಮುಚ್ಚಿತು. ಅತ್ತೆ ಉಟ್ಟ ಬಟ್ಟೆಯ ಸೆರಗಿನಿಂದ ಅಸಿಯಾತುವಿನ ಎರಡೂ ಕೈ ಒರೆಸಿದರು, ಉಗುರಿನ ಸಂದಿಯನ್ನೂ ಬಿಡದೆ. ಬ್ವನಾಲಿಯ ಮೂಗು ಒರೆಸಿದರು.

ಯಾಕೆಂದು ನಿಮಗೆ ಹೇಳಬೇಕಾಗಿಲ್ಲ. ಹಿರಿಯರ ಹಿಟ್ಟಿಗೆ ಕೈ ಹಾಕಿದ ಮಗು ಎಂದು ಒಂದು ಸಲ ಹೆಸರು ಬಂದರೆ ಸಾಕು. ಯಾರ ಹಸು ಸತ್ತರೂ, ಯಾವ ಕೂಸಿಗೆ ಜ್ವರ ಬಂದರೂ, ಯಾವ ದೋಣಿ ಮಗುಚಿದರೂ ಜನ ಆ ಮಗುವಿನ ಕಡೆ ತಿರುಗಿ ನೋಡುತ್ತಾರೆ. ಪಕ್ಕದ ಊರಿನಲ್ಲಿ ಅಂಥದ್ದೊಂದು ಹೆಣ್ಣುಮಗು ಇತ್ತು. ಇತ್ತು, ಅಷ್ಟೇ.

“ಏನಂತೀಯಕ್ಕ?” ಎಂದು ಚಿಕುಂಬಾ ಕೇಳಿದ. ಅವನ ದನಿಯಲ್ಲಿ ಗೆದ್ದವನ ಜೋರು ಇರಲಿಲ್ಲ. ಅಕ್ಕ ಬೇಡ ಎಂದು ಬಿಡಲಿ ಎಂದೇ ಕಾಯುತ್ತಿದ್ದನೇನೋ ಎಂದು ನನಗೆ ಒಂದೊಂದು ಸಲ ಅನಿಸುತ್ತದೆ.

“ನಿಂತಿದೆಯಲ್ಲಪ್ಪ” ಎಂದರು ಅತ್ತೆ. “ಕಣ್ಣಿಗೆ ಕಾಣ್ಸಲ್ವಾ?”

ಹಾಗೆ ದಂಡೆ ಹೋಯಿತು. ಮನೆಗೆ ಬರುವಾಗ ಅಸಿಯಾತು ನನ್ನ ಕೈ ಹಿಡಿದು ಕುಣಿಯುತ್ತಾ ಬಂದಳು, ತಾನು ಕಟ್ಟಿದ್ದು ಎಲ್ಲರಿಗೂ ಇಷ್ಟವಾಯಿತು ಎಂದು. ಚೆನ್ನಾಗಿತ್ತು ಎಂದು ನಾನೂ ಹೇಳಿದೆ. ನಿಜವಾಗಿಯೂ ಚೆನ್ನಾಗಿತ್ತು.

ಇದನ್ನೆಲ್ಲ ನಿಮಗೆ ಈಗ ಹೇಳಿದೆನಲ್ಲ, ಮಗುವಿಗೆ ಅಪಾಯವಿಲ್ಲವೇ ಎನ್ನುತ್ತೀರಾ? ಊರಿನಲ್ಲಿ ಹೋಗಿ ಹೇಳಿ ನೋಡಿ. ಯಾರು ಹೇಳಿದರು ಎಂದು ಕೇಳುತ್ತಾರೆ. ಜಫಾಲಿ ಎಂದರೆ ಮೇಕೆ ಮೊಜಾಂಬಿಕ್‌ಗೆ ಹೋದ ಕಥೆಯನ್ನೂ ಹೇಳಿದನೋ ಎಂದು ನಗುತ್ತಾರೆ. ನನ್ನ ಸುಳ್ಳಿನ ಬೇಲಿ ನಿಮ್ಮ ತಂತಿಬೇಲಿಗಿಂತ ಗಟ್ಟಿ. ಅವಳನ್ನು ಅದರ ಒಳಗಿಟ್ಟೇ ಸಾಕುತ್ತಿದ್ದೇನೆ.

ಧಣಿ ಮಾತು ತಪ್ಪಲಿಲ್ಲ. ಮಸೀದಿಗೆ ತಗಡು ಬಂತು. ಮಳೆ ಬಂದಾಗ ಎಷ್ಟು ಶಬ್ದವೆಂದರೆ ಶೇಖ್ ಏನು ಹೇಳುತ್ತಾರೆಂದು ದೇವರಿಗೂ ಕೇಳಿಸುವುದಿಲ್ಲ. ಹುಡುಗರಿಗೆ ಕೆಲಸವೂ ಸಿಕ್ಕಿತು: ಬೇಲಿ ಕಾಯುವುದು. ನನ್ನ ಭಾಮೈದನೇ ಆ ಗೇಟಿನಲ್ಲಿ ನಿಲ್ಲುತ್ತಾನೆ. ನಮ್ಮಲ್ಲಿ ಅಕ್ಕನ ಮಕ್ಕಳನ್ನು ಕಾಯುವವನು ಸೋದರಮಾವ. ಅವನು ಈಗಲೂ ಕಾಯುತ್ತಾನೆ, ಅವು ಒಳಗೆ ಬರದ ಹಾಗೆ.

ಮಕ್ಕಳು ಬೇರೆ ಕಡೆ ಆಡಲಿ ಎಂದಿದ್ದರಲ್ಲ, ಆಡಿದವು. ಮೊದಲು ಅಂಗಳದ ಒಣ ಮರಳಿನಲ್ಲಿ ಆಡಿದವು, ಅದು ಜಾರಿ ಜಾರಿ ಬೀಳುತ್ತಿತ್ತು. ಕುಡಿಯುವ ನೀರು ತಂದು ಸುರಿದು ತಾಯಂದಿರಿಂದ ಒದೆ ತಿಂದವು. ಆಮೇಲೆ ಹೊಳೆ ಸೇರುವ ಜೊಂಡಿನ ಮೂಲೆಗೆ ಹೋಗತೊಡಗಿದವು. ಲಾಡ್ಜು, ಆಚೆ ದೋಣಿಕಟ್ಟೆ ಬಿಟ್ಟರೆ ಮರಳೂ ನೀರೂ ಒಟ್ಟಿಗಿರುವ ಜಾಗ ನಮಗೆ ಅದೊಂದೇ ಉಳಿದದ್ದು. ವರ್ಷ ಕಳೆಯುವುದರಲ್ಲಿ ಹುಡುಗರ ಮೂತ್ರ ಕೆಂಪಾಯಿತು. ಯಾರದು ಹೆಚ್ಚು ಕೆಂಪು ಎಂದು ಬೇಲಿಯ ಕಂಬಕ್ಕೆ ಸಾಲಾಗಿ ನಿಂತು ಪಂದ್ಯ ಕಟ್ಟಿದರು. ಮಕ್ಕಳು ತಾನೆ, ಏನು ಕೊಟ್ಟರೂ ಆಟ ಮಾಡಿಕೊಳ್ಳುತ್ತಾರೆ. ಆಸ್ಪತ್ರೆಯವರು ಮಾತ್ರೆ ಕೊಟ್ಟು, ಆ ನೀರಿಗೆ ಹೋಗಬೇಡಿ ಎಂದು ಹೇಳಿ, ಅದೇ ನೀರು ದಾಟಿಕೊಂಡು ವಾಪಸು ಹೋದರು.

ಜೊಂಡಿನ ಮೂಲೆಯ ಮೊಸಳೆಗಳ ಬಗ್ಗೆ ನನ್ನ ಹತ್ತಿರ ಕಥೆಗಳು ಬಹಳ ಇವೆ. ಒಂದು ನನ್ನ ದೋಣಿಯನ್ನು ನುಂಗಿ ಹುಟ್ಟನ್ನು ಹಲ್ಲುಕಡ್ಡಿ ಮಾಡಿಕೊಂಡದ್ದು. ಇನ್ನೊಂದು ಚುನಾವಣೆಯಲ್ಲಿ ಮತ ಕೇಳಲು ಬಂದದ್ದು. ಹೋದ ಮಳೆಗಾಲದಲ್ಲಿ ಬ್ವನಾಲಿ ಹೋದ. ಅದರಲ್ಲಿ ನನ್ನ ಹತ್ತಿರ ಕಥೆಯಿಲ್ಲ. ಅವನು ನೀರು ತರಲು ಡಬ್ಬಿ ಹಿಡಿದುಕೊಂಡು ಹೋಗಿದ್ದ. ಅಸಿಯಾತು ಇಲ್ಲಿ ಮರಳು ಕಲಸಿಟ್ಟು ಕಾಯುತ್ತಿದ್ದಳು.

ಆ ದಿನದಿಂದ ಅತ್ತೆ ನೀರಿಗೆ ಇಳಿದರು. ನೀವು ನೋಡಿದ್ದೀರಿ. ಬೆಳಿಗ್ಗೆ ಜೊಂಡಿನ ಮುಂದೆ ಸೊಂಟದ ಮಟ್ಟ ನೀರಿನಲ್ಲಿ ಕೋಲು ಹಿಡಿದು ನೀರು ಬಡಿಯುತ್ತಾ ನಿಂತಿರುತ್ತಾರಲ್ಲ, ಆ ಮುದುಕಿ. ಮೀನು ಹಿಡಿಯುವ ಹಳೆಯ ವಿಧಾನ ಎಂದು ನಿಮ್ಮ ಅತಿಥಿಗಳು ಬೇಲಿಯ ಆಚೆಯಿಂದ ಫೋಟೋ ತೆಗೆಯುತ್ತಾರೆ. ಮೀನಲ್ಲ ಸಾಹೇಬರೇ. ಬೆನ್ನ ಹಿಂದೆ ಮಕ್ಕಳು ಆಡುತ್ತಿರುತ್ತವೆ. ಜೊಂಡಿಗೂ ಮಕ್ಕಳಿಗೂ ನಡುವೆ ನಮ್ಮ ಊರು ಹಾಕಿರುವ ಬೇಲಿ ಅದು. ಮಕ್ಕಳನ್ನು ಮನೆಯಲ್ಲಿಯೇ ಇಟ್ಟುಕೊಳ್ಳಬಾರದೇ ಎಂದು ನಾನು ಒಂದು ದಿನ ಮಾವಿನ ಮರವನ್ನು ಕೇಳಿದೆ. ಅತ್ತೆ ಮರಕ್ಕೇ ಉತ್ತರ ಹೇಳಿದರು:

“ಎಷ್ಟು ದಿನ ಇಟ್ಕೊಳ್ಳೋಕಾಗುತ್ತೆ? ಕಣ್ಣು ತಪ್ಪಿಸಿ ಹೋಗೇ ಹೋಗ್ತಾವೆ. ಹೋದಾಗ ಅಲ್ಲಿ ನಾನಿರ್ಬೇಕು.”

ಅವರ ಕಾಲು ಈಗ ಬಾವು ಬಂದು ಮರದ ಕೊರಡಿನ ಹಾಗಾಗಿದೆ. ಹಳೆಯ ದಿನವಾಗಿದ್ದರೆ ನಮ್ಮತ್ತೆಯನ್ನು ಕಂಡು ಮೊಸಳೆಗಳೇ ಗುಳೆ ಎದ್ದು ಹೋದವು ಎಂದು ಹೇಳುತ್ತಿದ್ದೆ. ಹೋಗಿಲ್ಲ. ಅಲ್ಲಿಯೇ ಇವೆ, ಕಾಯುತ್ತಿವೆ. ಅವಕ್ಕೆ ವಯಸ್ಸಾಗುವುದಿಲ್ಲ, ಅತ್ತೆಗೆ ಆಗುತ್ತಿದೆ.

ಈಗ ನಿಮ್ಮ ಭಾನುವಾರದ ವಿಷಯ. ಬೋರ್ಡಿನ ಮೇಲೆ ನಗುವ ಸೂರ್ಯನ ಚಿತ್ರ ಬರೆಸಿ, ಮರಳು ಮತ್ತು ನೀರ ಆಟ, ಸುರಕ್ಷಿತ, ಆನಂದದಾಯಕ ಎಂದು ಬರೆಸಿದ್ದೀರಿ. ಮಕ್ಕಳು ನಂಬಿದವು. ಅಸಿಯಾತು ತಲೆಗೆ ಎಣ್ಣೆ ಹಚ್ಚಿಸಿಕೊಂಡು ಹೋದಳು. ಗೇಟಿನಲ್ಲಿ ಅವಳ ಮಾವ ಎಲ್ಲರ ಕಾಲು ತೊಳೆಸಿ, ಡಬ್ಬಿ ಚಿಪ್ಪುಗಳನ್ನು ಹೊರಗೆ ಇಡಿಸಿ ಒಳಗೆ ಬಿಟ್ಟ. ತೊಟ್ಟಿಯಲ್ಲಿ ಇದ್ದದ್ದು ನಮ್ಮದೇ ದಂಡೆಯ ಮರಳು, ಜರಡಿ ಹಿಡಿದು, ತೊಳೆದು, ಒಣಗಿಸಿದ್ದು. ಅಸಿಯಾತು ಒಂದು ಹಿಡಿ ತೆಗೆದುಕೊಂಡು ಕೊಳದ ಕಡೆ ನಡೆದಳು. ಮಾವ ಓಡಿಬಂದ.

“ಅಲ್ಲಿಗೆ ಮರಳು ತಗೊಂಡು ಹೋಗ್ಬಾರ್ದು ಪುಟ್ಟಿ. ನೀರು ಸೋಸೋ ಮೆಷಿನ್ನು ಕೆಟ್ಟೋಗುತ್ತೆ.”

“ಸರಿ, ಇಲ್ಲಿಗೇ ನೀರು ತರ್ಲಾ ಮಾವ?”

“ಅದೂ ಬಾರ್ದು. ಮರಳು ಒದ್ದೆಯಾದ್ರೆ ವಾಸನೆ ಬರುತ್ತಂತೆ.”

“ಮತ್ತೆ ಇಲ್ಲಿ ಏನ್ ಮಾಡೋದು?”

ನನ್ನ ಭಾಮೈದ ಪಾಪ, ಬೋರ್ಡಿನ ಕಡೆ ನೋಡಿ ಓದಿದ. “ಸುರಕ್ಷಿತವಾಗಿ ಆಡೋದು.”

ಸ್ವಲ್ಪ ಹೊತ್ತು ಒಣ ಮರಳಿನ ತೊಟ್ಟಿಯಲ್ಲಿ ಕೈ ಕಟ್ಟಿಕೊಂಡು ಕೂತಿದ್ದವಂತೆ, ಸುರಕ್ಷಿತವಾಗಿ. ಆಮೇಲೆ ಒಬ್ಬೊಬ್ಬರೇ ಎದ್ದು ಚಿಪ್ಪು ತೆಗೆದುಕೊಂಡು ಜೊಂಡಿನ ಮೂಲೆಗೆ ಬಂದವು. ಅತ್ತೆ ಭಾನುವಾರ ಒಂದು ದಿನವಾದರೂ ಕಾಲು ಒಣಗಿಸಿಕೊಳ್ಳೋಣವೆಂದು ಬಿಸಿಲಿನಲ್ಲಿ ಕೂತಿದ್ದರು. ಮಕ್ಕಳು ಬರುವುದನ್ನು ಕಂಡು ಕೋಲು ಊರಿಕೊಂಡು ಎದ್ದು ನೀರಿಗೆ ಇಳಿದರು. ಅದಕ್ಕೇ ಬರುವುದಿಲ್ಲ ಸಾಹೇಬರೇ. ಬೇರೆ ಕಾರಣವಿಲ್ಲ. ಸಿಟ್ಟಿಲ್ಲ, ಹಟವಿಲ್ಲ. ಫೋಟೋದವನಿಗೂ ತಿಳಿಸಿ.

ಇನ್ನು ನನ್ನ ಕೋರಿಕೆ. ತೊಟ್ಟಿ ನಿಮ್ಮ ಹತ್ತಿರವೇ ಇರಲಿ, ಕೊಳವೂ ಇರಲಿ, ಬೇಲಿಯನ್ನೂ ಕೀಳಬೇಡಿ. ದಂಡೆ ವಾಪಸು ಕೊಡಿ ಎಂದು ಕೇಳುವ ಬಾಯಿ ನನ್ನದಲ್ಲ, ನಾನು ಅಳಿಯ. ಆದರೆ ನಿಮ್ಮ ಅತಿಥಿಗಳು ಏಳುವುದೇ ತಡವಾಗಿ, ಚಹಾ ಕುಡಿದು ದಂಡೆಗೆ ಬರುವುದು ಇನ್ನೂ ತಡವಾಗಿ. ನಮ್ಮ ಮಕ್ಕಳು ಕೋಳಿ ಕೂಗಿದೊಡನೆ ಏಳುತ್ತವೆ. ನಡುವೆ ಆ ದಂಡೆ ಸುಮ್ಮನೆ ಬಿದ್ದಿರುತ್ತದೆ, ಕಾಗೆಗಳು ಕೂತಿರುತ್ತವೆ. ಆ ಹೊತ್ತಿನಲ್ಲಿ ಮಾತ್ರ ಸಾಹೇಬರೇ, ಬೇರೆ ಯಾವಾಗಲೂ ಅಲ್ಲ, ಆಟ ಮುಗಿದ ಮೇಲೆ ಮರಳನ್ನು ನಾನೇ ಗುಡಿಸಿ ಸಮ ಮಾಡಿಕೊಡುತ್ತೇನೆ, ಒಂದು ಹೆಜ್ಜೆಯ ಗುರುತೂ ಕಾಣುವುದಿಲ್ಲ, ಆ ಸಣ್ಣ ಗೇಟಿನ ಬೀಗವನ್ನು ನೀವು ಒಂದಿಷ್ಟು… ಸಾಹೇಬರೇ? ಎದ್ದು ಹೊರಟೇಬಿಟ್ಟಿರಾ? ಮಂಡಾಸಿ ಇನ್ನೂ ಉಳಿದಿದೆ. ಆ ಕಡೆ ಹೋಗಬೇಡಿ, ಬಲೆ ಹರಡಿದ್ದೇನೆ, ಕಾಲಿಗೆ ಸಿಕ್ಕಿ…